ಶಮನದ ನುಡಿಗಳು: ಗೋಕರ್ಣ–ಹೊನ್ನಾವರ–ಭಟ್ಕಳ ಕರಾವಳಿಯ ಒಂದು ಶಬ್ದಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಗೋಕರ್ಣದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ, ಎರಡು ಬಾಗುಗಳಾಗಿ ಒಳಸರಿದು ನಡುವೆ ಬಂಡೆಗಳ ಮೂತಿಯೊಂದನ್ನು ಕಡಲಿಗೆ ಚಾಚಿರುವ ಮರಳದಂಡೆಯೊಂದು ಸಿಗುತ್ತದೆ. ಅದಕ್ಕೆ ಓಂ ಬೀಚ್ ಎಂಬ ಹೆಸರು ಇಂದು ರೂಢಿಯಲ್ಲಿದೆ. ಈ ಹೆಸರು ಪ್ರವಾಸೋದ್ಯಮದ ಕಾಲದ್ದು. ಅದು ಸೂಚಿಸುವ ಹೋಲಿಕೆಯೂ ನಾಗರಿ ಲಿಪಿಯ ಓಂಕಾರದ್ದೇ ಹೊರತು ಕನ್ನಡ ಲಿಪಿಯದಲ್ಲ. ಆದರೂ ಈ ಕರಾವಳಿಯ ಶಮನಸಂಬಂಧಿ ಪದಗಳನ್ನು ಪರಿಶೀಲಿಸುವವರಿಗೆ ಅದೊಂದು ಅನುಕೂಲವಾದ ಬಾಗಿಲು. ವೈದಿಕ ಪಠಣದಲ್ಲಿ ಓಂಕಾರದ ಬೆನ್ನಿಗೆ ಶಾಂತಿ ಎಂಬ ಪದ ಮೂರು ಸಲ ಬರುತ್ತದೆ. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕವೆಂಬ ಮೂರು ತಾಪಗಳ ನಿವಾರಣೆಗೆಂದು ಹಾಗೆ ಹೇಳುವುದೆಂದು ಸಂಪ್ರದಾಯ ವಿವರಿಸುತ್ತದೆ. ತಾಪವೆಂದರೆ ಮೂಲತಃ ಬಿಸಿ. ಕೇಡನ್ನು ಬಿಸಿಯೆಂದೂ ಅದರ ನಿವಾರಣೆಯನ್ನು ತಂಪೆಂದೂ ಕಾಣುವ ಈ ದೃಷ್ಟಿ ಸಂಸ್ಕೃತಕ್ಕೆ ಮಾತ್ರ ಸೇರಿದ್ದಲ್ಲ. ಕನ್ನಡದ ಸ್ವಂತ ಧಾತುಗಳಲ್ಲಿ ಅದು ಇನ್ನೂ ಆಳವಾಗಿ ಬೇರೂರಿದೆ.

ಕೋಪ, ವಿಷ, ಬೇನೆ, ಯುದ್ಧ, ಕಡಲಿನ ಅಬ್ಬರ ಇವೆಲ್ಲ ಬೇರೆ ಬೇರೆ ಸಂಗತಿಗಳು. ಆದರೆ ಅಪಾಯಕಾರಿಯಾದುದನ್ನು ನಿರಪಾಯಗೊಳಿಸುವಾಗ ಜನರು ಬಳಸುವ ಕ್ರಿಯಾಪದಗಳು ಇವುಗಳ ನಡುವೆ ಧಾರಾಳವಾಗಿ ಓಡಾಡುತ್ತವೆ. ಯಾವ ಕಾಲದಲ್ಲಿ ಯಾವ ಪದ ಮುಂದೆ ಬಂದಿತು, ಯಾವುದು ಹಿಂದೆ ಸರಿಯಿತು ಎಂಬುದನ್ನು ನೋಡಿದರೆ ಆ ಕಾಲದವರು ಶಾಂತಿ ಎಂದಾಗ ಏನನ್ನು ನಿರೀಕ್ಷಿಸುತ್ತಿದ್ದರು ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿ ಇಂತಹ ಅಧ್ಯಯನಕ್ಕೆ ಒದಗಿಬರುವ ಪ್ರದೇಶ. ಕನ್ನಡ, ಕೊಂಕಣಿ, ನವಾಯತಿ, ಮರಾಠಿ, ಪರ್ಷಿಯನ್, ಪೋರ್ಚುಗೀಸ್ ನುಡಿಗಳೆಲ್ಲ ಇಲ್ಲಿ ಒಂದಲ್ಲ ಒಂದು ಕಾಲದಲ್ಲಿ ವ್ಯವಹಾರದಲ್ಲಿದ್ದವು. ಜಗಳಗಳಿಗೂ ಇಲ್ಲಿ ಎಂದೂ ಕೊರತೆ ಇರಲಿಲ್ಲ.

ತಣಿ, ಆಱು, ತಿಳಿ

ಮೊದಲಿಗೆ ದೇಶ್ಯ ಧಾತುಗಳು. ‘ತಣ್’ ಎಂಬ ಮೂಲದಿಂದ ತಣ್ಣೀರು, ತಂಗಾಳಿ, ತಂಪು, ತಣ್ಣಗೆ, ತಣಿ, ತಣಿವು ಮುಂತಾದ ಪದಗಳು ಹುಟ್ಟಿವೆ; ತಮಿಳು, ಮಲಯಾಳಗಳಲ್ಲೂ ಇವುಗಳ ಸೋದರರೂಪಗಳಿವೆ. ಇವುಗಳಲ್ಲಿ ‘ತಣಿ’ ಎಂಬುದಕ್ಕೆ ಎರಡು ಅರ್ಥಗಳು ಒಟ್ಟಿಗೆ ಅಂಟಿಕೊಂಡಿವೆ: ತಂಪಾಗು ಮತ್ತು ತೃಪ್ತಿ ಹೊಂದು. ಹಸಿದವನು ಉಂಡು ತಣಿಯುತ್ತಾನೆ, ಸಿಟ್ಟಾದವನೂ ತಣಿಯುತ್ತಾನೆ. ಕೋಪವನ್ನು ತಣಿಸುವುದೆಂದರೆ ಕೋಪಗೊಂಡವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬ ಸೂಚನೆ ಪದದೊಳಗೇ ಇದೆ. ‘ಆಱು’ ಎಂಬ ಧಾತು ಇದಕ್ಕಿಂತ ಭಿನ್ನ. ಹಳಗನ್ನಡದಲ್ಲಿ ಶಕಟರೇಫದೊಡನೆ ಬರೆಯುತ್ತಿದ್ದ ಈ ಪದವನ್ನು ಇಂದು ‘ಆರು’ ಎಂದು ಬರೆಯಲಾಗುತ್ತದೆ. ಅನ್ನ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ದೀಪ ಆರುತ್ತದೆ, ಗಾಯವೂ ಆರುತ್ತದೆ. ನಾಲ್ಕರಲ್ಲೂ ಹೊರಗಿನ ಬಲಾತ್ಕಾರವಿಲ್ಲ. ಕಾಲ ಮತ್ತು ಗಾಳಿ ತಮ್ಮ ಕೆಲಸ ಮಾಡುತ್ತವೆ. ದೀಪ ಆರಿತೆನ್ನುವುದು ಅಶುಭವೆಂದು ಅದನ್ನು ‘ಶಾಂತ ಮಾಡು’ ಎನ್ನುವ ವಾಡಿಕೆ ಹಲವು ಮನೆಗಳಲ್ಲಿ ಉಂಟು. ಶಾಂತ ಎಂಬ ಪದ ಇಲ್ಲಿ ಸಾವಿನ ನೆರಳನ್ನು ಮರೆಮಾಡುವ ಕೆಲಸಕ್ಕೆ ಬಂದಿರುವುದು ಗಮನಾರ್ಹ.

ಈ ಮರೆಮಾಚುವಿಕೆಗೆ ಸಂಸ್ಕೃತದಲ್ಲೇ ಹಳೆಯ ಆಧಾರವಿದೆ. ಶಾಂತಿ, ಶಮನ, ಉಪಶಮನ ಎಲ್ಲಕ್ಕೂ ಮೂಲವಾದ ‘ಶಮ್’ ಧಾತುವಿನಿಂದಲೇ ‘ಶಮಿತೃ’ ಎಂಬ ಪದವೂ ಬಂದಿದೆ. ವೈದಿಕ ಯಜ್ಞದಲ್ಲಿ ಪಶುವನ್ನು ಕೊಲ್ಲುವವನ ಹೆಸರು ಅದು. ಕೊಲ್ಲುವವನನ್ನು ಶಾಂತಗೊಳಿಸುವವನೆಂದು ಕರೆದಾಗ ಪದವು ತನ್ನ ಮೇಲೆ ಎಷ್ಟು ಭಾರ ಹೊರಬಲ್ಲದು ಎಂಬುದು ಗೊತ್ತಾಗುತ್ತದೆ.

ಮೂರನೆಯದು ‘ತಿಳಿ’. ಕದಡಿದ ನೀರು ತಿಳಿಯಾಗುವುದೂ ಮನುಷ್ಯನಿಗೆ ವಿಷಯ ತಿಳಿಯುವುದೂ ಕನ್ನಡದಲ್ಲಿ ಒಂದೇ ಕ್ರಿಯೆ. ‘ವಾತಾವರಣವನ್ನು ತಿಳಿಗೊಳಿಸು’ ಎಂದು ಇಂದಿನ ಪತ್ರಿಕೆಗಳು ಬರೆಯುವಾಗ ಈ ಹಳೆಯ ನೀರಿನ ಚಿತ್ರವೇ ಹಿಂದೆ ಇದೆ. ನೀರನ್ನು ತಿಳಿಗೊಳಿಸುವುದಕ್ಕೆ ಒಂದು ನಿಜವಾದ ವಿಧಾನವೂ ಇತ್ತು. ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇದು ಕದಡಿದ ನೀರು ತುಂಬಿದರೆ ಕೆಸರು ತಳಕ್ಕೆ ಇಳಿಯುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಈ ಮರದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂದು ಮನುಸ್ಮೃತಿಯ 6ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಚಿಲ್ಲದ ಮರದ ಅತಿ ಹತ್ತಿರದ ಬಂಧು ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಕಾಸರಕ; ಅದರ ಬೀಜ ಪ್ರಾಣ ತೆಗೆಯುವಷ್ಟು ವಿಷ. ಒಂದೇ ಕುಲದ ಎರಡು ಮರಗಳಲ್ಲಿ ಒಂದು ನೀರನ್ನು ತಿಳಿಗೊಳಿಸುತ್ತದೆ, ಇನ್ನೊಂದು ಕೊಲ್ಲುತ್ತದೆ.

ಕಾಸರಕವನ್ನೂ ವೈದ್ಯರು ಬಿಟ್ಟಿಲ್ಲ. ಹಾಲು, ತುಪ್ಪ, ಗೋಮೂತ್ರಗಳಲ್ಲಿ ಸಂಸ್ಕರಿಸಿ ಔಷಧವಾಗಿಸುವ ಕ್ರಮಕ್ಕೆ ಆಯುರ್ವೇದದಲ್ಲಿ ‘ಶೋಧನ’, ‘ಶುದ್ಧಿ’ ಎಂದು ಹೆಸರು. ಅಡುಗೆಮನೆಯಲ್ಲಿ ಇದೇ ಕೆಲಸ ಹೆಸರಿಲ್ಲದೆ ನಡೆದಿದೆ. ಕಳಲೆಯಲ್ಲಿ ಹಸಿಯಾಗಿ ತಿಂದರೆ ಅಪಾಯ ಮಾಡುವ ಸಯನೈಡ್ ಜನಕ ಅಂಶವಿದೆ. ಅದನ್ನು ಹೆಚ್ಚಿ ನೀರಿನಲ್ಲಿಟ್ಟು, ಪ್ರತಿದಿನ ಆ ನೀರನ್ನು ಚೆಲ್ಲಿ, ಎರಡು ಮೂರು ದಿನಗಳ ನಂತರವೇ ಬೇಯಿಸುತ್ತಾರೆ. ಕೆಸುವಿನ ಸೊಪ್ಪಿನ ತುರಿಕೆಗೆ ಕಾರಣವಾದ ಸೂಜಿಯಂತಹ ಆಕ್ಸಲೇಟ್ ಹರಳುಗಳನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಪಳಗಿಸುತ್ತಾರೆ. ಹವ್ಯಕರ ಕರಕಲಿ ಹಾಗೆ ಆದದ್ದು. ಇನ್ನು ತಂಬುಳಿ ಎಂಬ ಪದವನ್ನು ಬಿಡಿಸಿದರೆ ತಣ್+ಪುಳಿ, ಅಂದರೆ ತಂಪಾದ ಹುಳಿ. ಕುಮಟಾ–ಹೊನ್ನಾವರದ ಮನೆಗಳಲ್ಲಿ ಒಂದೆಲಗದ ತಂಬುಳಿಯನ್ನು ಮೊದಲ ಅನ್ನಕ್ಕೆ ಬಡಿಸುವಾಗ, ಕೋಪವನ್ನು ತಣಿಸುವ ಧಾತುವೇ ಊಟದೆಲೆಯ ಮೇಲೆ ಬಂದು ಕೂತಿರುತ್ತದೆ.

ಮೇಲೆ ‘ಪಳಗಿಸು’ ಎಂಬ ಪದ ಬಂದಿತು. ಇದೂ ಈ ಬಳಗದ್ದೇ. ಹಳಗನ್ನಡದ ‘ಪೞಗು’ ಎಂಬುದಕ್ಕೂ ‘ಹಳೆ’ಗೂ ಇರುವ ಹೋಲಿಕೆ ಗಮನಿಸತಕ್ಕದ್ದು, ಒಡನಾಟ ಹಳೆಯದಾದಂತೆ ಮೃಗದ ಕ್ರೌರ್ಯ ಇಳಿಯುತ್ತದೆ. ವಿಜಯನಗರದ ಅರಸರಿಗೆ ಹೊರ್ಮುಜ್ ಮತ್ತು ಅರಬಸ್ತಾನದ ಕುದುರೆಗಳನ್ನು ತರಿಸಿಕೊಡುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದುದು. ವಾರಗಟ್ಟಲೆ ಹಡಗಿನಲ್ಲಿ ನಿಂತು ಬೆದರಿದ ಪ್ರಾಣಿಗಳನ್ನು ಇಳಿಸಿಕೊಂಡು ಘಟ್ಟ ಹತ್ತಿಸಿದವರಿಗೆ ಪಳಗಿಸುವುದೆಂದರೆ ಏನೆಂಬುದು ಚೆನ್ನಾಗಿ ತಿಳಿದಿರಬೇಕು.

ಇವೆಲ್ಲಕ್ಕೆ ಎದುರಾಗಿ ನಿಲ್ಲುವ ಪದ ‘ಅಡಗು’. ಹಳಗನ್ನಡದ ‘ಅಡಂಗು’ ಎಂಬುದಕ್ಕೆ ಮರೆಯಾಗು, ಕುಗ್ಗು, ನಿಂತುಹೋಗು ಎಂಬ ಅರ್ಥಗಳಿವೆ. ದಂಗೆಯನ್ನು ಅಡಗಿಸಬಹುದು, ಹುಟ್ಟನ್ನೇ ಅಡಗಿಸಬಹುದು. ಆದರೆ ಅಡಗಿದ್ದು ಇಲ್ಲವಾಗಿಲ್ಲ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ. ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟು ಈ ಭೇದವನ್ನು ಬಲ್ಲವರಿಂದಲೇ ಹುಟ್ಟಿರಬೇಕು. ತಣಿ, ಆರು, ಇಳಿ, ತಿಳಿ ಎಂಬ ಗುಂಪು ವಸ್ತುವಿನ ಸ್ಥಿತಿಯೇ ಬದಲಾದುದನ್ನು ಹೇಳುತ್ತದೆ. ಅಡಗಿಸು, ಕಟ್ಟು, ಬಿಗಿ ಎಂಬ ಗುಂಪು ಅದರ ಚಲನೆಯನ್ನು ತಡೆದುದನ್ನು ಮಾತ್ರ ಹೇಳುತ್ತದೆ. ಮುಂದಿನ ಚರ್ಚೆಗೆ ಈ ಭೇದವೇ ಆಧಾರ.

ನೆಲಕ್ಕಿಳಿದ ಲಿಂಗ, ಕಡಲಿಗಿಳಿದ ಮಾರಿ

ಗೋಕರ್ಣದ ಸ್ಥಳಪುರಾಣ ಎಲ್ಲರಿಗೂ ತಿಳಿದದ್ದು. ರಾವಣನ ಕೈಗೆ ಆತ್ಮಲಿಂಗ ಸೇರಿದರೆ ಲೋಕಕ್ಕೆ ಕೇಡೆಂದು ದೇವತೆಗಳು ಹೆದರುತ್ತಾರೆ. ವಟುರೂಪದ ಗಣಪತಿ ಅದನ್ನು ಸಂಜೆಯ ಹೊತ್ತಿನಲ್ಲಿ ನೆಲದ ಮೇಲೆ ಇಡುತ್ತಾನೆ. ರಾವಣ ಎಳೆದರೂ ಅದು ಕದಲುವುದಿಲ್ಲ. ಈ ಕಥೆಯನ್ನು ಭಕ್ತಿಯ ದೃಷ್ಟಿಯಿಂದ ಓದುವುದು ರೂಢಿ. ಪ್ರಸ್ತುತ ಸಂದರ್ಭದಲ್ಲಿ ಗಮನಿಸಬೇಕಾದುದು ಬೇರೆ: ಮಹಾಶಕ್ತಿಯೊಂದು ತಪ್ಪಿದ ಕೈಯಲ್ಲಿದ್ದಾಗ ಅದನ್ನು ನಾಶಮಾಡುವ ಪ್ರಯತ್ನ ಇಲ್ಲಿಲ್ಲ, ರಾವಣನನ್ನು ಕೊಲ್ಲುವ ಪ್ರಯತ್ನವೂ ಇಲ್ಲ. ಹೊತ್ತೊಯ್ಯಲಾಗದಂತೆ ಅದನ್ನು ನೆಲೆಗೊಳಿಸಲಾಯಿತು. ‘ಪ್ರತಿಷ್ಠೆ’ ಎಂಬ ಪದದ ಮೂಲಾರ್ಥವೂ ಅದೇ. ಸಿಟ್ಟಿನಿಂದ ರಾವಣ ಎಸೆದ ವಸ್ತುಗಳು ಬಿದ್ದ ಜಾಗಗಳೆಂದು ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಸೆಜ್ಜೇಶ್ವರಗಳನ್ನು ಹೇಳಲಾಗುತ್ತದೆ. ಗೋಕರ್ಣ, ಧಾರೇಶ್ವರ ಕುಮಟಾ ತಾಲೂಕಿನಲ್ಲಿ, ಗುಣವಂತೆ ಹೊನ್ನಾವರದಲ್ಲಿ, ಮುರ್ಡೇಶ್ವರ ಭಟ್ಕಳದಲ್ಲಿ, ಸೆಜ್ಜೇಶ್ವರ ಕಾರವಾರದಲ್ಲಿ ಇವೆ. ಅಂದರೆ ಒಬ್ಬನ ಕೋಪದ ಚೂರುಗಳು ಹಂಚಿಹೋಗಿ ಇಡೀ ಕರಾವಳಿಯ ಯಾತ್ರಾಸ್ಥಳಗಳಾದವು. ಗೋಕರ್ಣದ ಬಳಿ ಕಡಲು ಸೇರುವ ಹೊಳೆಯ ಹೆಸರು ಅಘನಾಶಿನಿ, ಪಾಪವನ್ನು ಇಲ್ಲವಾಗಿಸುವವಳು ಎಂಬುದನ್ನೂ ಇಲ್ಲಿ ನೆನೆಯಬಹುದು.

ಭಟ್ಕಳದ ಮಾರಿ ಜಾತ್ರೆ ಇದಕ್ಕೆ ಇನ್ನೊಂದು ಬಗೆಯ ಉದಾಹರಣೆ. ಮಳೆಗಾಲದಲ್ಲಿ ಮರದಿಂದ ಮಾರಿಯ ಮೂರ್ತಿಯನ್ನು ಮಾಡಿಸಿ, ಪೂಜೆ ಹರಕೆಗಳನ್ನು ಸಲ್ಲಿಸಿ, ಕೊನೆಗೆ ಮೆರವಣಿಗೆಯಲ್ಲಿ ಒಯ್ದು ಕಡಲಿಗೆ ಬಿಡುವುದು ಅಲ್ಲಿನ ಕ್ರಮ. ಸಿಡುಬಿನ ಕಾಲದಲ್ಲಿ ಬೇನೆಯನ್ನು ‘ಅಮ್ಮ’ ಎಂದು ಕರೆದು, ಅದು ವಾಸಿಯಾದಾಗ ಅಮ್ಮ ‘ಇಳಿದಳು’ ಎನ್ನುತ್ತಿದ್ದರು. ಹಾವಿನ ವಿಷವೂ ಇಳಿಯುತ್ತದೆ, ಜ್ವರವೂ ಇಳಿಯುತ್ತದೆ, ನೆರೆಯೂ ಇಳಿಯುತ್ತದೆ. ಬಂದದ್ದನ್ನು ಮರ್ಯಾದೆಯಿಂದ ಕಂಡು, ಕೊಡಬೇಕಾದುದನ್ನು ಕೊಟ್ಟು, ಕಳಿಸಿಕೊಡುವುದು ಇಲ್ಲಿಯ ತರ್ಕ. ಸಿಡುಬನ್ನು ನಿಜವಾಗಿ ಇಲ್ಲವಾಗಿಸಿದ್ದು ಲಸಿಕೆ. ಭಾರತದಲ್ಲಿ 1975ರ ನಂತರ ಆ ಬೇನೆ ಕಾಣಿಸಿಕೊಳ್ಳಲಿಲ್ಲ. ಆದರೆ ಬೇನೆ ಹೋದ ಮೇಲೂ ಕ್ರಿಯಾಪದ ಉಳಿದುಕೊಂಡಿದೆ.

ಕಡಲಿಗೂ ಹೀಗೆಯೇ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಕರಾವಳಿಯ ಮೀನುಗಾರರು ಸಮುದ್ರಪೂಜೆ ಮಾಡಿ ತೆಂಗಿನಕಾಯಿ, ಹೂವು, ಹಾಲು ಅರ್ಪಿಸುತ್ತಾರೆ. ಮಳೆಗಾಲದ ಅಬ್ಬರ ಇಳಿದು ದೋಣಿ ಹೊರಡಿಸುವ ಕಾಲ ಅದು. ಯಾಂತ್ರಿಕ ದೋಣಿಗಳಿಗೆ ಸರ್ಕಾರ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ವಿಧಿಸುತ್ತಿರುವುದು ಮೀನಿನ ಸಂತತಿಯ ರಕ್ಷಣೆಗಾಗಿ. ಹಳೆಯ ವಿರಾಮ ಕಡಲಿನ ಮರ್ಜಿಯನ್ನು ಅನುಸರಿಸಿದ್ದು. ಯುರೋಪಿನ ನಾವಿಕರು ಅಲೆ ತಗ್ಗಿಸಲು ನೀರಿನ ಮೇಲೆ ಎಣ್ಣೆ ಸುರಿಯುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಪ್ರಯೋಗದಿಂದ ಪರೀಕ್ಷಿಸಿ 1774ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಹಾಗಾಗಿ ಇಂಗ್ಲಿಷ್ ಮಾತಿನಲ್ಲಿ ಎಣ್ಣೆ ಜಗಳ ನಿಲ್ಲಿಸುವ ವಸ್ತುವೂ ಆಯಿತು. ಕನ್ನಡದಲ್ಲಿ ಎಣ್ಣೆ, ತುಪ್ಪಗಳು ಯಾವಾಗಲೂ ಉರಿಯುವ ಬೆಂಕಿಗೇ ಬೀಳುತ್ತವೆ.

ಸಂಧಿ, ಸಂಧಾನ, ಕೌಲು

ಆಡಳಿತದ ನುಡಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಅಧಿಕಾರಪದವಿ ‘ಸಂಧಿವಿಗ್ರಹಿ’. ಸಂಧಿಯನ್ನೂ ವಿಗ್ರಹವನ್ನೂ, ಅಂದರೆ ಒಪ್ಪಂದವನ್ನೂ ಯುದ್ಧವನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ಕನ್ನಡ ಪಂಚತಂತ್ರದ ಕರ್ತೃ ದುರ್ಗಸಿಂಹ ಕಲ್ಯಾಣದ ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದವನು. ಮಿತ್ರಭೇದದ ಕಥೆಗಳನ್ನು ಬರೆಯುವುದಕ್ಕೆ ಆ ವೃತ್ತಿಗಿಂತ ಒಳ್ಳೆಯ ತರಬೇತಿ ಸಿಗುವುದು ಕಷ್ಟ. ‘ಸಂಧಾನ’ ಎಂಬ ಪದವೂ ಇಬ್ಬಾಯಿಯದು: ಎರಡು ಪಕ್ಷಗಳನ್ನು ಕೂಡಿಸುವುದೂ ಸಂಧಾನ, ಬಿಲ್ಲಿಗೆ ಬಾಣ ಹೂಡುವುದೂ ಸಂಧಾನ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆ ಸೀಮೆಯ ರಂಗಸ್ಥಳಗಳಲ್ಲಿ ‘ಕೃಷ್ಣಸಂಧಾನ’ ಜನಪ್ರಿಯ ಪ್ರಸಂಗ. ಸಂಧಾನ ಮುರಿಯುವುದೆಂದು ಗೊತ್ತಿದ್ದೂ ಜನ ಕೃಷ್ಣ–ಕೌರವರ ಮಾತಿಗಾಗಿ ಬೆಳಗಿನ ತನಕ ಕೂರುತ್ತಿದ್ದುದು ಯೋಚಿಸತಕ್ಕ ಸಂಗತಿ.

16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಬಂದಾಗ ಈ ಕರಾವಳಿಯಲ್ಲಿ ಶಾಂತಿಗೆ ಬೆಲೆ ಕಟ್ಟುವ ಹೊಸ ಪದ್ಧತಿ ಆರಂಭವಾಯಿತು. 1502ರಲ್ಲಿ ವಾಸ್ಕೊ ಡ ಗಾಮ ಭಟ್ಕಳವನ್ನು ಬೆದರಿಸಿ ಅಕ್ಕಿಯ ರೂಪದ ವಾರ್ಷಿಕ ಕಪ್ಪಕ್ಕೆ ಒಪ್ಪಿಸಿದ. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟ. ಅಲ್ಲಿನ ಸಮುದ್ರನಾಯಕ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ತಿಮೋಜ, ಮುಂದೆ ಬಂದು ಒಪ್ಪಂದ ಮಾಡಿಕೊಂಡ. 1510ರಲ್ಲಿ ಆಲ್ಬುಕರ್ಕನಿಗೆ ಗೋವೆಯ ದಾರಿ ತೋರಿದವನೂ ಅವನೇ. 1542ರಲ್ಲಿ ಮಾರ್ಟಿಂ ಅಫೊನ್ಸೊ ದ ಸೋಜ ಭಟ್ಕಳವನ್ನು ಸೂರೆಗೈದ. ‘ಕಾರ್ಟಜ್’ ಎಂಬ ರಹದಾರಿ ಪತ್ರವನ್ನು ಹಣ ಕೊಟ್ಟು ಪಡೆದ ಹಡಗು ನಿರ್ಭಯವಾಗಿ ಸಾಗಬಹುದಿತ್ತು. ಅಪಾಯವನ್ನು ತಂದವರೇ ಅಭಯವನ್ನು ಮಾರಿದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಅವರೊಡನೆ ಹೋರಾಡಿದಳು, ಮೆಣಸಿನ ವ್ಯಾಪಾರವನ್ನೂ ಮಾಡಿದಳು. ಎರಡೂ ಒಂದೇ ಆಳ್ವಿಕೆಯಲ್ಲಿ ನಡೆದವು.

1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರಕ್ಕೆ ಬಂದಿಳಿದ. ಕೆಳದಿಯ ವೆಂಕಟಪ್ಪ ನಾಯಕ ಮಂಗಳೂರಿನ ಬಂಗರ ಅರಸನ ಪ್ರದೇಶವನ್ನು ಗೆದ್ದುಕೊಂಡಿದ್ದ. ಬಂಗರಸನ ಪಕ್ಷ ವಹಿಸಿದ್ದ ಪೋರ್ಚುಗೀಸರಿಗೆ ಅದೇ ವೆಂಕಟಪ್ಪನ ಮೆಣಸು ಬೇಕಾಗಿತ್ತು. ಈ ಇಕ್ಕಟ್ಟನ್ನು ಸಡಿಲಿಸುವುದೇ ರಾಯಭಾರದ ಉದ್ದೇಶ. ವೆಂಕಟಪ್ಪನ ಕಡೆಯಿಂದ ಮಾತುಕತೆಗೆ ನಿಂತವನನ್ನು ದೆಲ್ಲಾ ವಲ್ಲೆ ವಿಟುಲ ಸಿನಾಯ್ ಎಂದು ಬರೆಯುತ್ತಾನೆ. ವಿಠ್ಠಲ ಶೆಣೈ ಎಂಬ ಹೆಸರು ಅದರಲ್ಲಿ ಸ್ಪಷ್ಟವಾಗಿದೆ. ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದಾಗ ಅಲ್ಲಿನ ಅರಮನೆಯೂ ನಗರವೂ ಪಾಳುಬಿದ್ದು ಮರಗಳು ಬೆಳೆದಿದ್ದುದನ್ನು ಆತ ನೋಡಿದ. ಚೆನ್ನಭೈರಾದೇವಿಯ ರಾಜ್ಯ ಕೆಳದಿಯ ವಶವಾಗಿ ಆಗ ಎರಡು ದಶಕಗಳೂ ಆಗಿರಲಿಲ್ಲ. ಅಡಗಿಸಿದ ಊರೊಂದರ ನಡುವಿನಿಂದ ಸಂಧಾನದ ಪರಿವಾರ ಘಟ್ಟ ಹತ್ತಿತು.

ಕದನವಿರಾಮವೇ ಕೇಡಾದ ಪ್ರಸಂಗವೂ ಹೊನ್ನಾವರದಲ್ಲಿ ನಡೆದಿದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಕೈಕೆಳಗಿನ ಕಂಪನಿ ಸೈನ್ಯ ಕೋಟೆಯನ್ನು ಹಿಡಿಯಿತು. ಅದನ್ನು ಟಿಪ್ಪುವಿನ ಸೈನ್ಯ ಮುತ್ತಿದಾಗ ರಕ್ಷಣೆಗೆ ನಿಂತವನು ಕ್ಯಾಪ್ಟನ್ ಟೊರಿಯಾನೊ. ಆಗಸ್ಟ್‌ನಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದವಾಯಿತು. ಫಿರಂಗಿ ನಿಂತಿತು, ಆದರೆ ಮುತ್ತಿಗೆ ತೆರವಾಗಲಿಲ್ಲ. ಕೋಟೆಯೊಳಗಿನವರು ಹೊಡೆದಾಟದಲ್ಲಿ ಪಟ್ಟ ಪಾಡಿಗಿಂತ ಹೆಚ್ಚಿನದನ್ನು ಆನಂತರದ ತಿಂಗಳುಗಳಲ್ಲಿ ಹಸಿವೆ ಮತ್ತು ಬೇನೆಗಳಿಂದ ಪಟ್ಟರು. ಜೇಮ್ಸ್ ಫೋರ್ಬ್ಸ್ ತನ್ನ ‘ಓರಿಯಂಟಲ್ ಮೆಮಾಯರ್ಸ್’ನಲ್ಲಿ ಈ ಮುತ್ತಿಗೆಯ ವೃತ್ತಾಂತವನ್ನು ಸೇರಿಸಿದ್ದಾನೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಬಳಿಕವೇ ಕೋಟೆ ತೆರವಾಯಿತು. ಕಂಪನಿಯ ಕಡೆಯ ಬರಹವಾದುದರಿಂದ ಟಿಪ್ಪುವಿನ ಕಡೆಯವರ ಬವಣೆ ಅದರಲ್ಲಿ ದಾಖಲಾಗಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು.

ರಾಜಿ ಮತ್ತು ಇಸ್ಲಾಹ್

ಕಂಪನಿ ಆಳ್ವಿಕೆ 1799ರಲ್ಲಿ ಬಂದಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಯ ಕನ್ನಡ ಮರಾಠಿ, ಪರ್ಷಿಯನ್ ಪದಗಳಿಂದ ತುಂಬಿಕೊಂಡದ್ದು ಈ ಅವಧಿಯ ವಿಶೇಷ. ‘ರಾಜಿ’ ಎಂಬುದು ಅರಬ್ಬೀ ಮೂಲದ್ದು, ಒಪ್ಪಿದವನು ಎಂದು ಅರ್ಥ. ‘ರಾಜಿನಾಮೆ’ ಒಪ್ಪಿಗೆಯ ಪತ್ರ. ಮುಂಬಯಿ ಪ್ರಾಂತದ ಭೂಕಂದಾಯ ಕ್ರಮದಲ್ಲಿ ರೈತ ತನ್ನ ಭೂಮಿಯನ್ನು ಬಿಟ್ಟುಕೊಡುವ ಪತ್ರಕ್ಕೆ ರಾಜಿನಾಮೆಯೆಂದೂ, ಹೊಸಬನು ಅದನ್ನು ವಹಿಸಿಕೊಳ್ಳುವ ಪತ್ರಕ್ಕೆ ಕಬುಲಾಯತಿಯೆಂದೂ ಹೆಸರಾಯಿತು. ಒಪ್ಪಿಗೆ ಎಂಬ ಪದ ಕೈಬಿಡುವಿಕೆಯ ಕಡೆಗೆ ವಾಲಿದ್ದು ಹೀಗೆ. ಇಂದು ಅದು ಹುದ್ದೆ ತ್ಯಜಿಸುವ ಪತ್ರ. ಕಚೇರಿಯ ಹೊರಗೆ ಹಾಲಕ್ಕಿ ಒಕ್ಕಲಿಗರ ಊರುಗಳಲ್ಲಿ ಗೌಡ, ಬುದವಂತ, ಕೋಲಕಾರರ ಮುಂದೆ ವ್ಯಾಜ್ಯಗಳು ತೀರುತ್ತಿದ್ದವು. ಬುದವಂತ ಎಂದರೆ ಬುದ್ಧಿವಂತ. ಸಲಹೆ ಹೇಳುವುದು ಅವನ ಪಾಲು. ತಪ್ಪು ಮಾಡಿದವನು ದೇವರಿಗೆ ಸಲ್ಲಿಸುವ ಹಣಕ್ಕೆ ‘ತಪ್ಪುಕಾಣಿಕೆ’ ಎಂಬ ಕನ್ನಡದ ಪದವಿದೆ. ದಂಡ ಎನ್ನುವುದಕ್ಕೂ ಕಾಣಿಕೆ ಎನ್ನುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಭಟ್ಕಳದ ನವಾಯತರು ಆಡುವ ನವಾಯತಿ ಕೊಂಕಣಿಯ ತಳಹದಿಯ ನುಡಿ. ಬರೆಯುವುದು ಪರ್ಸೋ–ಅರೇಬಿಕ್ ಲಿಪಿಯಲ್ಲಿ. 1912ರಲ್ಲಿ ಅಲ್ಲಿ ಸ್ಥಾಪನೆಯಾದ ಸಮುದಾಯ ಸಂಸ್ಥೆಯ ಹೆಸರು ಮಜ್ಲಿಸೆ ಇಸ್ಲಾಹ್ ವ ತಂಜೀಮ್. ‘ಇಸ್ಲಾಹ್’ ಎಂದರೆ ಸರಿಪಡಿಸುವುದು, ಸುಧಾರಿಸುವುದು. ಜಗಳ ಮುಗಿಸಿ ಹೊಂದಿಕೆಯಾಗುವುದಕ್ಕೆ ಅರಬ್ಬಿಯಲ್ಲಿರುವ ‘ಸುಲ್ಹ್’ ಎಂಬ ಪದವೂ ಅದೇ ಮೂರು ವ್ಯಂಜನಗಳ ಮೂಲದಿಂದ ಬಂದದ್ದು. ಕೆಟ್ಟುದನ್ನು ರಿಪೇರಿ ಮಾಡುವುದು ಮತ್ತು ಸಂಧಾನ ಮಾಡುವುದು ಒಂದೇ ಧಾತುವಿನಲ್ಲಿ ಸೇರಿವೆ. ಕನ್ನಡದ ‘ಆರು’ ಗಾಯಕ್ಕೂ ಬೆಂಕಿಗೂ ಸಲ್ಲುವಂತೆ.

ಬಿಗುವಿನ ವಾತಾವರಣ

1993ರ ಏಪ್ರಿಲ್‌ನಲ್ಲಿ ರಾಮನವಮಿಯ ಮೆರವಣಿಗೆಯ ಸಂದರ್ಭದಲ್ಲಿ ಭಟ್ಕಳದಲ್ಲಿ ಆರಂಭವಾದ ಕೋಮುಹಿಂಸೆ ಹಲವು ತಿಂಗಳುಗಳ ಕಾಲ ಮರುಕಳಿಸುತ್ತ ಹೋಯಿತು. ಜೀವಹಾನಿಯಾಯಿತು, ಅಂಗಡಿ ಮನೆಗಳು ಸುಟ್ಟವು. ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ವಿಚಾರಣೆ ನಡೆಸಿತು. ಆಯೋಗದ ಕೆಲಸ ನಡೆದಿರುವಾಗಲೇ, 1996ರ ಏಪ್ರಿಲ್‌ನಲ್ಲಿ, ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆಯಾಯಿತು. ವರದಿ 1997ರಲ್ಲಿ ಸರ್ಕಾರದ ಕೈಸೇರಿತು. ಈ ಘಟನೆಗಳ ರಾಜಕೀಯ ವಿಶ್ಲೇಷಣೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಇಲ್ಲಿ ನೋಡಬೇಕಾದುದು ಇಂತಹ ಸಂದರ್ಭಗಳಲ್ಲಿ ಆಡಳಿತ ಮತ್ತು ಪತ್ರಿಕೆಗಳ ಕನ್ನಡ ನೆಚ್ಚಿಕೊಂಡಿರುವ ಪದಗಳನ್ನು.

‘ಬಿಗುವಿನ ವಾತಾವರಣ’, ‘ಪರಿಸ್ಥಿತಿ ಹತೋಟಿಗೆ ಬಂದಿದೆ’, ‘ತಹಬಂದಿಗೆ ತರಲಾಗಿದೆ’, ‘ನಿಷೇಧಾಜ್ಞೆ ಜಾರಿಯಲ್ಲಿದೆ’, ‘ಶಾಂತಿಸಭೆ ನಡೆಸಲಾಯಿತು’. ಹತೋಟಿಯನ್ನು ಮರಾಠಿಯ ‘ಹಾತೋಟಿ’ಯೊಡನೆ ಹೋಲಿಸಬಹುದು, ಅಲ್ಲಿ ಅದು ಕೈಚಳಕ. ಕನ್ನಡಕ್ಕೆ ಬಂದು ಅದು ಕೈವಶವಾಗಿದೆ. ತಹಬಂದಿಯ ಕೊನೆಯಲ್ಲಿರುವುದು ಕಟ್ಟುವ ಅರ್ಥದ ಪರ್ಷಿಯನ್ ಅಂಗ. ಬಿಗುವಿಗೆ ಎದುರಾಗಿ ಸಡಿಲವಾಗಬೇಕಾಗಿತ್ತು. ಆದರೆ ವರದಿಗಳ ಭಾಷೆಯಲ್ಲಿ ಬಿಗುವಿಗೆ ಉತ್ತರ ‘ಬಿಗಿ ಬಂದೋಬಸ್ತು’. ಒಂದೇ ಮೂಲದ ಪದ ರೋಗದ ಹೆಸರೂ ಆಗಿ ಮದ್ದಿನ ಹೆಸರೂ ಆಗಿದೆ. ಇದನ್ನು ಪೊಲೀಸರ ದೋಷವೆನ್ನಲಾಗದು. ಊರು ಉರಿಯುತ್ತಿರುವಾಗ ಮೊದಲು ಬೇಕಾದುದು ತಡೆಯೇ. ಕಟ್ಟುವ ಕೆಲಸ ಕಟ್ಟುವ ಪದವನ್ನೇ ಕೇಳುತ್ತದೆ. ತೊಡಕು ಇರುವುದು ಆ ಪದಗಳು ತಿಂಗಳುಗಳ ನಂತರವೂ, ವರ್ಷಗಳ ನಂತರವೂ ಉಳಿದು, ತಣಿಯುವ ಆರುವ ಪದಗಳು ಬರಬೇಕಾದ ಜಾಗವನ್ನು ಆಕ್ರಮಿಸಿಕೊಂಡಿರುವುದರಲ್ಲಿ. ಭಟ್ಕಳದ ಬಗ್ಗೆ ಹೊರಗಿನವರು ಬರೆದ ಬಹುಪಾಲು ವರದಿಗಳಲ್ಲಿ ಊರಿನ ಹೆಸರಿನ ಹಿಂದೆ ‘ಸೂಕ್ಷ್ಮ ಪ್ರದೇಶ’ ಎಂಬ ವಿಶೇಷಣ ಅಂಟಿಕೊಂಡೇ ಬರುತ್ತದೆ. ಅಲ್ಲಿಯ ಸಂತೆ, ಮೀನುಪೇಟೆ, ಮಲ್ಲಿಗೆಯ ವ್ಯಾಪಾರಗಳಲ್ಲಿ ಎರಡು ಸಮುದಾಯಗಳು ದಿನವೂ ಆಡುವ ಮಾತು ಆ ವಿಶೇಷಣದೊಳಗೆ ಹಿಡಿಯುವುದಿಲ್ಲ.

ಈ ಬಳಗಕ್ಕೆ ಇತ್ತೀಚಿನ ಸೇರ್ಪಡೆ ‘ನಿಷ್ಕ್ರಿಯಗೊಳಿಸು’. ಸ್ಫೋಟಕಗಳನ್ನು ನಿರಪಾಯಗೊಳಿಸುವ ಪೊಲೀಸ್ ವಿಭಾಗಕ್ಕೆ ಪತ್ರಿಕೆಗಳು ಬಾಂಬ್ ನಿಷ್ಕ್ರಿಯ ದಳವೆಂದು ಬರೆಯುತ್ತವೆ. ಪದಶಃ ನೋಡಿದರೆ ನಿಷ್ಕ್ರಿಯವಾದುದು ದಳವೇ ಎಂದಾಗುತ್ತದೆ. ಸಮಾಸದ ಈ ಎಡವಟ್ಟನ್ನು ಯಾರೂ ತಿದ್ದಿಲ್ಲ. ಶ್ವೇತಾಶ್ವತರ ಉಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಪರತತ್ತ್ವದ ವಿಶೇಷಣಗಳಾಗಿ ನಿಷ್ಕ್ರಿಯ, ಶಾಂತ ಎಂಬೆರಡು ಪದಗಳು ಪಕ್ಕಪಕ್ಕದಲ್ಲೇ ಬರುತ್ತವೆ. ಅಲ್ಲಿಂದ ಹೊರಟ ಪದ ಬಸ್ ನಿಲ್ದಾಣದಲ್ಲಿ ಸಿಕ್ಕ ವಾರಸುದಾರರಿಲ್ಲದ ಚೀಲದವರೆಗೆ ಬಂದಿದೆ.

ಓಂ ಬೀಚಿನ ನೀರಿಗೆ ಸಂಬಂಧಿಸಿದ ಒಂದು ಪದ ಉಳಿಯಿತು. ದಡಕ್ಕೆ ಬಡಿದ ಅಲೆ ಹಿಂದಿರುಗುವಾಗ ಇಕ್ಕಟ್ಟಾದ ದಾರಿ ಹಿಡಿದು ಮನುಷ್ಯನನ್ನು ಒಳಗೆ ಒಯ್ಯುವ ಹರಿವಿಗೆ ಕನ್ನಡದಲ್ಲಿ ‘ಸೆಳೆತ’ ಎನ್ನುತ್ತಾರೆ. ಗೋಕರ್ಣದ ದಂಡೆಗಳಲ್ಲಿ ಪ್ರವಾಸಿಗರು ಮುಳುಗಿದ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗಿವೆ, ಜೀವರಕ್ಷಕರನ್ನು ನೇಮಿಸಲಾಗಿದೆ. ಸೆಳೆತವನ್ನು ತಣಿಸಲಾಗದು, ಅಡಗಿಸಲಾಗದು, ಕಟ್ಟಲಾಗದು. ಅದಕ್ಕೆ ಎದುರಾಗಿ ಈಜಬಾರದು, ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಸಾಗಬೇಕು. ಕೆಲವೇ ಮಾರು ದೂರ ಹೋದರೆ ಅದರ ಹಿಡಿತ ತಾನಾಗಿ ಬಿಡುತ್ತದೆ ಎಂಬುದು ನೀರು ಬಲ್ಲವರು ಹೇಳುವ ಕ್ರಮ.